ಪ್ರತಿಕ್ರಿಯೆ: ಲ್ಯಾಬಿನ ಹಳೇ ವೈರ್‌ಶಾರ್ಕ್ ನಡೆಯುತ್ತಾ?

ನಮಸ್ಕಾರ ಸರ್. ವಿಜಯಪುರದ ನಿಮ್ಮ ಕಾಲೇಜು ಲ್ಯಾಬಿನಲ್ಲಿ ಲೈವ್ ಕ್ಯಾಪ್ಚರ್ (ನೆಟ್‌ವರ್ಕ್‌ನಲ್ಲಿ ಹರಿಯೋ ಡೇಟಾವನ್ನು ಆಗಿಂದಾಗಲೇ ಹಿಡಿಯೋದು) ಇಲ್ಲ, ಹುಡುಗರು ಪೆನ್‌ಡ್ರೈವ್‌ನಲ್ಲಿ ತಂದ ಪಿಕ್ಯಾಪ್ ಫೈಲ್‌ಗಳನ್ನು (ಮೊದಲೇ ಹಿಡಿದಿಟ್ಟ ನೆಟ್‌ವರ್ಕ್ ಡೇಟಾ) ಸುಡೋ ಹಾಕಿ, ಅಂದ್ರೆ ಸಿಸ್ಟಮ್ಮಿನ ಪೂರ್ತಿ ಅಧಿಕಾರ ಇರೋ ರೂಟ್ ಆಗಿ ತೆರೆಯುತ್ತಾರೆ, ಅದಕ್ಕೆ ಆ ಡೇಟಾ ಬಿಡಿಸಿ ತೋರಿಸೋ ವೈರ್‌ಶಾರ್ಕ್ ಪ್ರೋಗ್ರಾಮಿನ ಹಳೇ ವರ್ಷನ್ ಸಾಕಲ್ವಾ ಅಂತ ಕೇಳಿದ್ದೀರಿ.

ಸಾಕಾಗಲ್ಲ. ಅಪಾಯ ಇರೋದೇ ಆ ಫೈಲಿನಲ್ಲಿ. ವೈರ್‌ಶಾರ್ಕ್‌ನಲ್ಲಿ ಒಂದೊಂದು ಪ್ರೋಟೊಕಾಲ್‌ಗೂ (ಕಂಪ್ಯೂಟರ್‌ಗಳು ಪರಸ್ಪರ ಮಾತಾಡೋ ನಿಯಮ) ಒಂದೊಂದು ಡಿಸೆಕ್ಟರ್, ಅಂದ್ರೆ ಅದರ ಪ್ಯಾಕೆಟ್ಟನ್ನು (ಡೇಟಾದ ತುಣುಕು) ಬಿಡಿಸಿ ಓದೋ ಕೋಡ್ ಇದೆ. ಹೆಚ್ಚಿನವು ಸಿ ಭಾಷೆಯಲ್ಲಿ ಬರೆದವು. ಪ್ಯಾಕೆಟ್ಟು ತನ್ನ ಉದ್ದದ ಬಗ್ಗೆ ಸುಳ್ಳು ಹೇಳಿ, ಡಿಸೆಕ್ಟರ್ ಅದನ್ನು ಪರೀಕ್ಷಿಸದೆ ನಂಬಿತು ಅಂದ್ರೆ ಬಫರ್ (ಡೇಟಾಕ್ಕೆಂದು ಮೀಸಲಿಟ್ಟ ಮೆಮೊರಿ) ದಾಟಿ ಓದುತ್ತದೆ. ಬಹಳ ಸಲ ಸುಮ್ನೆ ಕ್ರ್ಯಾಶ್ ಆಗುತ್ತದೆ, ಇಲ್ಲವೇ ಲೂಪಿಗೆ ಬಿದ್ದು ಮೆಮೊರಿ ನುಂಗುತ್ತದೆ. ಗ್ರಹಚಾರ ಕೆಟ್ಟರೆ ಕಂಡವರ ಕೋಡ್ ಓಡಬಹುದು. ಅದೂ ರೂಟ್ ಅಧಿಕಾರದಲ್ಲಿ!

ಹಾಗಾಗಿ ಮೊದಲು ಆ ಸುಡೋ ಚಾಳಿ ಬಿಡಿಸಿ. ಫೈಲ್ ತೆರೆಯೋಕೆ ರೂಟ್ ಬೇಕೇ ಇಲ್ಲ. ಮುಂದೆ ಲೈವ್ ಕ್ಯಾಪ್ಚರ್ ಬೇಕಾದರೂ ಆ ಕೆಲಸ ಡಂಪ್‌ಕ್ಯಾಪ್ ಅನ್ನೋ ಸಣ್ಣ ಪ್ರೋಗ್ರಾಂ ಮಾಡುತ್ತದೆ. ವೈರ್‌ಶಾರ್ಕ್-ಕಾಮನ್ ಪ್ಯಾಕೇಜಿನ ಸೆಟ್ಟಿಂಗ್‌ನಲ್ಲಿ ಸಾಮಾನ್ಯ ಬಳಕೆದಾರರಿಗೂ ಕ್ಯಾಪ್ಚರ್ ಅನುಮತಿ ಕೊಟ್ಟು, ಹುಡುಗರನ್ನು ವೈರ್‌ಶಾರ್ಕ್ ಗ್ರೂಪಿಗೆ ಸೇರಿಸಿದರೆ ಆಯ್ತು.

ಆಮೇಲೆ ಅಪ್‌ಡೇಟ್. ಡಿಸೆಕ್ಟರ್‌ಗಳ ಇಂಥ ದೋಷಗಳಿಗೆ ತಿದ್ದುಪಡಿ ಬರೋದು ಅದರಲ್ಲೇ. ನಿಮ್ಮದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಅಂದಿರಿ. ಅವರು ತಿದ್ದುಪಡಿಯನ್ನು ಹಳೇ ವರ್ಷನ್ನಿಗೇ ಸೇರಿಸುವುದುಂಟು, ನಂಬರ್ ನೋಡಿ ಗಾಬರಿಯಾಗಬೇಡಿ. ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿ) ಸಿವಿಇ ನಂಬರ್, ಅಂದ್ರೆ ಆ ಭದ್ರತಾ ದೋಷಕ್ಕೆ ಕೊಟ್ಟ ಗುರುತಿನ ಸಂಖ್ಯೆ ಹುಡುಕಿ. ಅಲ್ಲಿಯವರೆಗೆ, ತೊಂದರೆ ಇರೋ ಪ್ರೋಟೊಕಾಲ್ ಯಾವುದು ಅಂತ ಗೊತ್ತಿದ್ದರೆ ಅನಲೈಜ್ ಮೆನುವಿನ ಎನೇಬಲ್ಡ್ ಪ್ರೋಟೊಕಾಲ್ಸ್‌ಗೆ ಹೋಗಿ ಅದರ ಟಿಕ್ ತೆಗೆದುಬಿಡಿ.