ಶಿರಸಿಯಿಂದ ಅಮೆರಿಕಕ್ಕೆ ಎಕಾನಮಿ ಸೀಟಿನಲ್ಲಿ: ಕಾಲು, ಸೊಂಟ ತಡೆಯುತ್ತದಾ?

ನೀವಿಬ್ಬರೂ ಅರವತ್ತು ದಾಟಿದವರು, ಮೊದಲ ಸಲ ಶಿರಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋದ ಮಗನ ಮನೆಗೆ ಹೊರಟಿದ್ದೀರಿ, ಎಕಾನಮಿ ಟಿಕೆಟ್, ಹದಿನಾರು ತಾಸಿನ ಮೇಲೆ ಕೂತೇ ಇರಬೇಕು, ತಡೆಯುತ್ತದಾ ಅಂತ ಕೇಳಿದ್ದೀರಿ. ತಡೆಯುತ್ತದೆ. ನಾನು ಕುಮಟಾದವನು. ಮಗಳು ಅಮೆರಿಕದಲ್ಲಿರುವುದರಿಂದ ನಮಗೆ ಈ ದಾರಿ ರೂಢಿಯಾಗಿದೆ.

ಎಲ್ಲರೂ ಸೀಟು, ದಿಂಬು ಅಂತ ಹೇಳುತ್ತಾರೆ. ನಾನು ಮೊದಲು ಬಸ್ಸಿನ ವಿಷಯ ಹೇಳುತ್ತೇನೆ. ನಮ್ಮ ಜಿಲ್ಲೆಯವರ ಪ್ರಯಾಣ ಶುರುವಾಗುವುದು ದೇವನಹಳ್ಳಿಯ ಏರ್‌ಪೋರ್ಟಿನಲ್ಲಲ್ಲ, ಊರಿನ ಬಸ್‌ಸ್ಟ್ಯಾಂಡಿನಲ್ಲೇ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್, ಬೆಳಗ್ಗೆ ಅಲ್ಲಿಂದ ಏರ್‌ಪೋರ್ಟಿಗೆ, ಅಲ್ಲಿ ಮತ್ತೆ ಮೂರ್ನಾಲ್ಕು ತಾಸು ಕಾಯುವುದು, ಆಮೇಲೆ ವಿಮಾನ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ ಒಂದು ಮಾತು ನಮ್ಮಂಥವರಿಗೇ ಹೇಳಿದ ಹಾಗಿದೆ. ನಾಲ್ಕು ತಾಸಿಗಿಂತ ಜಾಸ್ತಿ ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ವಿಮಾನವೇ ಆಗಬೇಕೆಂದಿಲ್ಲ, ಬಸ್ಸು, ರೈಲು, ಕಾರೂ ಅಷ್ಟೇ. ಆರೋಗ್ಯವಂತರಲ್ಲಿ ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು, ಹೆದರುವುದು ಬೇಡ. ಆದರೆ ಬಸ್ಸು ಇಳಿದವರು ಸೀದಾ ವಿಮಾನ ಹತ್ತಬೇಡಿ. ಒಂದು ದಿನ ಮೊದಲೇ ಹೋಗಿ, ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಮೈಚಾಚಿ ಮಲಗಿ. ಯಾವ ದಿಂಬೂ ಇಷ್ಟು ಸುಖ ಕೊಡುವುದಿಲ್ಲ.

ಈಗ ಕಾಲು. ಮೀನಖಂಡ ಕೆಲಸ ಮಾಡಿದರೆ ಕಾಲಿನ ರಕ್ತ ಸಲೀಸಾಗಿ ಮೇಲೆ ಹೋಗುತ್ತದೆ. ಕೂತಲ್ಲೇ ಹಿಮ್ಮಡಿ ನೆಲಕ್ಕೆ ಊರಿ ಬೆರಳು ಎತ್ತಿ, ಆಮೇಲೆ ಬೆರಳು ಊರಿ ಹಿಮ್ಮಡಿ ಎತ್ತಿ. ಹೀಗೇ ಇಪ್ಪತ್ತು ಸಲ. ಎಚ್ಚರ ಇದ್ದಷ್ಟು ಹೊತ್ತು ತಾಸಿಗೊಮ್ಮೆ ಮಾಡಿ. ಎರಡು ತಾಸಿಗೊಮ್ಮೆ ಎದ್ದು ಹಿಂದಿನ ಅಡುಗೆ ಜಾಗದವರೆಗೆ ನಡೆದು ಬನ್ನಿ. ಮೊಣಕಾಲಿನ ಕೆಳಗಿನವರೆಗೆ ಬರುವ, ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಷನ್ ಸಾಕ್ಸ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದನ್ನು ಕಾಲು ಊದುವ ಮೊದಲೇ, ಬೆಳಗ್ಗೆ ಎದ್ದ ಕೂಡಲೇ ಹಾಕಬೇಕು. ಉಬ್ಬಿದ ನರ ಇದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ನಿದ್ದೆ ಮಾತ್ರೆ ಬೇಡ, ಅದು ನಿಮ್ಮನ್ನು ಕದಲದ ಹಾಗೆ ಮಾಡುತ್ತದೆ. ಊರು ಮುಟ್ಟಿದ ಮೇಲೂ ಒಂದೇ ಕಾಲು ಊದಿ ನೋವು ಬಂದರೆ, ಉಸಿರು ಕಟ್ಟಿದ ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಸೀಟು ಆರಿಸುವಾಗ ಇಬ್ಬರೂ ನಡುದಾರಿಯ ಆಚೆ ಈಚೆ ತೆಗೆದುಕೊಳ್ಳಿ. ಎದ್ದು ಹೋಗಲು ಯಾರನ್ನೂ ಎಬ್ಬಿಸಬೇಕಿಲ್ಲ, ಮಾತಿಗೂ ಹತ್ತಿರ. ಕಿಟಕಿ ಸೀಟಿನವರು ಸಂಕೋಚಕ್ಕೇ ಏಳುವುದಿಲ್ಲ. ತೀರಾ ಕೊನೆಯ ಸಾಲು ಬೇಡ, ಅಲ್ಲಿ ಎಷ್ಟೋ ವಿಮಾನಗಳಲ್ಲಿ ಸೀಟು ಹಿಂದಕ್ಕೆ ಬಾಗುವುದಿಲ್ಲ.

ನೀರಿನ ಬಗ್ಗೆ ನಿಮ್ಮ ಮನೆಯವರಿಗೆ ವಿಶೇಷವಾಗಿ ಹೇಳಬೇಕು. ನಮ್ಮ ಕಡೆ ಹೆಂಗಸರು ಬಸ್ಸು ಹತ್ತುವ ದಿನ ನೀರೇ ಕುಡಿಯುವುದಿಲ್ಲ. ದಾರಿಯಲ್ಲಿ ಎಲ್ಲಿ ಹೋಗುವುದು ಅನ್ನುವ ಚಿಂತೆ. ವಿಮಾನದಲ್ಲಿ ಆ ಕಷ್ಟ ಇಲ್ಲ, ಶೌಚಾಲಯ ಹತ್ತಿರದಲ್ಲೇ ಇರುತ್ತದೆ. ಮಡಚುವ ಬಾಗಿಲಾದರೆ ನಡುವೆ ಒತ್ತಿದರೆ ಒಳಗೆ ಮಡಚಿಕೊಳ್ಳುತ್ತದೆ. ಚಿಲಕ ಸರಿಸಿದ ಮೇಲೆಯೇ ಒಳಗಿನ ದೀಪ ಪೂರ್ತಿ ಹತ್ತುವುದು, ಕತ್ತಲೆ ಅಂತ ಗಾಬರಿ ಬೇಡ. ವಿಮಾನದ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಒಗೆದ ಬಟ್ಟೆ ವಾರವಾದರೂ ಒಣಗದ ನಮ್ಮ ಮಳೆಗಾಲಕ್ಕೆ ಒಗ್ಗಿದವರಿಗೆ ಮೂಗು, ಗಂಟಲು ಒಣಗಿ ಉರಿಯುತ್ತದೆ. ಖಾಲಿ ಬಾಟಲಿ ಒಯ್ದು ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ. ಸ್ವಲ್ಪ ಸ್ವಲ್ಪ ಕುಡಿಯುತ್ತಾ ಇರಿ.

ಊಟದಲ್ಲಿ ನಮ್ಮವರು ಮೋಸ ಹೋಗುವ ಜಾಗ ಒಂದಿದೆ. ಟಿಕೆಟ್ ಮಾಡುವಾಗ ‘ಹಿಂದೂ ಮೀಲ್’ ಅಂತ ಕಂಡರೆ ಸಸ್ಯಾಹಾರ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದರಲ್ಲಿ ಕೋಳಿ, ಕುರಿ, ಮೀನು ಇರುತ್ತದೆ, ದನದ ಮಾಂಸ ಇರುವುದಿಲ್ಲ ಅಷ್ಟೇ. ನಿಮಗೆ ಬೇಕಾದ್ದು ‘ಏಷಿಯನ್ ವೆಜಿಟೇರಿಯನ್ ಮೀಲ್’. ಹೊರಡುವುದಕ್ಕೆ ಒಂದೆರಡು ದಿನ ಮೊದಲೇ ಹೇಳಿಟ್ಟಿರಬೇಕು. ಮೇಲೆ ಹೋದಾಗ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಹೊಟ್ಟೆಯ ವಾಯು ಹಿಗ್ಗುತ್ತದೆ. ಹಾಗಾಗಿ ಹೊರಡುವ ದಿನ ಕಡಲೆ, ಹಲಸು, ಗೆಣಸು ಬಿಟ್ಟು ಮಜ್ಜಿಗೆ ಅನ್ನ ಉಂಡರೆ ಸಾಕು. ಕೈಚೀಲದಲ್ಲಿ ಒಗ್ಗರಣೆ ಅವಲಕ್ಕಿ ಇರಲಿ.

ನಿಮ್ಮಲ್ಲಿ ಯಾರಿಗಾದರೂ ಕವಳದ, ಅಂದರೆ ಎಲೆ ಅಡಿಕೆಯ, ಅಭ್ಯಾಸ ಇದೆಯಾ? ಇದ್ದರೆ ಒಂದು ವಾರ ಮೊದಲಿಂದಲೇ ಕಡಿಮೆ ಮಾಡುತ್ತಾ ಬನ್ನಿ. ವಿಮಾನದಲ್ಲಿ ಉಗಿಯಲು ಜಾಗ ಇಲ್ಲ, ತಂಬಾಕು ಹಾಕುವವರಿಗೆ ಒಮ್ಮೆಲೇ ಬಿಟ್ಟರೆ ತಲೆನೋವು, ಸಿಡಿಮಿಡಿ. ಲವಂಗ, ಏಲಕ್ಕಿ ಬಾಯಲ್ಲಿಟ್ಟುಕೊಳ್ಳಿ. ಇಳಿಯುವಾಗ ಕಿವಿ ಕಟ್ಟುವುದಕ್ಕೂ ಅದೇ ಮದ್ದು, ಎಂಜಲು ನುಂಗುತ್ತಾ ಇದ್ದರೆ ಬಿಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ನಿದ್ದೆಯಲ್ಲಿರಬೇಡಿ.

ಇಳಿದ ಮೇಲೆ ಇಮಿಗ್ರೇಷನ್ ಸಾಲು ತುಂಬ ಉದ್ದ ಇರಬಹುದು. ಮೊಣಕಾಲು ನೋವಿದ್ದರೆ ವೀಲ್‌ಚೇರ್ ಕೇಳಿ, ಅದಕ್ಕೆ ದುಡ್ಡಿಲ್ಲ, ನಾಚಿಕೆ ಪಡುವಂಥದ್ದೂ ಏನಿಲ್ಲ. ಊಟ, ಸೀಟು, ವೀಲ್‌ಚೇರ್ ಮೂರನ್ನೂ ಹಾಕಿಸಲು ಇವತ್ತೇ ಮಗನಿಗೆ ಫೋನ್ ಮಾಡಿ ಹೇಳಿ.