ಒಸಡಿನ ರೋಗಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾ ಯಾವುದು? ಮಾತ್ರೆ ನುಂಗಿದರೆ ಸಾಲದೇ?

ಹಲ್ಲುಜ್ಜುವಾಗ ರಕ್ತ ಬರುತ್ತಿದೆ, ಒಸಡು ಹಲ್ಲಿನಿಂದ ಬಿಟ್ಟುಕೊಂಡಿದೆ ಎಂದು ರಾಣೆಬೆನ್ನೂರಿನ ಡಾಕ್ಟರು ಹೇಳಿದ್ದಾರೆ. ಇದನ್ನು ತಂದ ಬ್ಯಾಕ್ಟೀರಿಯಾ ಯಾವುದೆಂದು ಗೊತ್ತಾದರೆ ಆಂಟಿಬಯೋಟಿಕ್ ನುಂಗಿ ಮುಗಿಸಬಹುದಲ್ಲ, ಕ್ಲೀನಿಂಗ್ ಏಕೆ ಎಂದು ನೀವು ಕೇಳಿದ್ದೀರಿ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನಾನು ದಂತವೈದ್ಯನಲ್ಲ. ಆದರೆ ನಿಮ್ಮ ಪ್ರಶ್ನೆಯ ಮೊದಲ ಭಾಗ ನನ್ನ ವಿಷಯವೇ ಆಗಿದೆ. ಕ್ಷಯಕ್ಕೋ ಕಾಲರಾಕ್ಕೋ ಒಂದು ಬ್ಯಾಕ್ಟೀರಿಯಾವನ್ನು ಹೆಸರಿಸಿದಂತೆ ಈ ರೋಗಕ್ಕೆ ಹೆಸರಿಸಲು ಬರುವುದಿಲ್ಲ.

ಹಲ್ಲು ಉಜ್ಜಿದ ಸ್ವಲ್ಪ ಹೊತ್ತಿನಲ್ಲೇ ಅದರ ಮೇಲೆ ಜೊಲ್ಲಿನ ಪ್ರೋಟೀನುಗಳ ತೆಳು ಪೊರೆ ಕೂಡುತ್ತದೆ. ಅದಕ್ಕೆ ಮೊದಲು ಅಂಟಿಕೊಳ್ಳುವವು ಬಹುಮಟ್ಟಿಗೆ ನಿರುಪದ್ರವಿಗಳಾದ ಸ್ಟ್ರೆಪ್ಟೊಕಾಕಸ್ ಮತ್ತು ಆಕ್ಟಿನೊಮೈಸಿಸ್ ಗುಂಪಿನವು. ಇವು ಆಮ್ಲಜನಕವನ್ನು ಬಳಸಿಕೊಂಡು ಪದರದ ಒಳಭಾಗವನ್ನು ಆಮ್ಲಜನಕವಿಲ್ಲದ ಜಾಗವಾಗಿಸುತ್ತವೆ. ನಂತರ ಬರುವ ಉದ್ದನೆಯ ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಮೊದಲು ಬಂದವನ್ನೂ ಕೊನೆಗೆ ಬರುವವನ್ನೂ ಹಿಡಿದುಕೊಳ್ಳಬಲ್ಲದ್ದರಿಂದ, ಗಾಳಿ ತಾಗಿದರೆ ಬದುಕದ ಪೊರ್ಫಿರೊಮೊನಾಸ್ ಜಿಂಜಿವ್ಯಾಲಿಸ್‌ನಂಥವಕ್ಕೆ ಒಳಗೆ ನೆಲೆ ಸಿಗುತ್ತದೆ. ಹೀಗೆ ಕೂಡಿದ ಪದರವನ್ನು, ಅಂದರೆ ಹಲ್ಲಿನ ಪಾಚಿಯನ್ನು, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ಉದ್ದನೆಯ ಎಳೆಯ ಸುತ್ತ ಗುಂಡು ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಮೆತ್ತಿಕೊಂಡಿರುವುದು ಕಾಣಸಿಗುತ್ತದೆ. ಹಾವೇರಿ ಜಿಲ್ಲೆಯವರಾದ ನಿಮಗೆ ಅದು ಗೋವಿನಜೋಳದ ತೆನೆ ಎಂದೇ ಅನ್ನಿಸೀತು. ಒಸಡಿಗೂ ಹಲ್ಲಿಗೂ ನಡುವಿನ ಆಳವಾದ ಸಂದಿನಿಂದ ಕೆರೆದು ತೆಗೆದ ಪಾಚಿಯಲ್ಲಾದರೆ ಇವುಗಳ ನಡುವೆ ಸುರುಳಿಯಾಕಾರದ ಟ್ರೆಪೊನೀಮಾಗಳು ಒಂದೇ ಸಮನೆ ತಿರುಚಿಕೊಂಡು ಓಡಾಡುತ್ತಿರುತ್ತವೆ. ಆರೋಗ್ಯವಂತರ ಪಾಚಿಯಲ್ಲಿ ಇಷ್ಟು ಗದ್ದಲವಿರುವುದಿಲ್ಲ.

ಒಟ್ಟಿಗೆ ಸೇರಿದ ಮೇಲೆ ಇವು ಒಂದನ್ನೊಂದು ಸಾಕುತ್ತವೆ. ಜಿಂಜಿವ್ಯಾಲಿಸ್ ಹೊರಬಿಡುವ ಐಸೊಬ್ಯುಟಿರಿಕ್ ಆಮ್ಲ ಟ್ರೆಪೊನೀಮಾ ಡೆಂಟಿಕೋಲಾದ ಬೆಳವಣಿಗೆಯನ್ನು ಹೆಚ್ಚಿಸಿದರೆ, ಅದು ಬಿಡುವ ಸಕ್ಸಿನಿಕ್ ಆಮ್ಲ ಜಿಂಜಿವ್ಯಾಲಿಸ್‌ನ ಬೆಳವಣಿಗೆಗೆ ಒದಗುತ್ತದೆ. ಜಿಂಜಿವ್ಯಾಲಿಸ್‌ಗೆ ಕಬ್ಬಿಣಾಂಶವೂ ಬೇಕು. ಅದನ್ನು ಅದು ರಕ್ತದ ಹಿಮೋಗ್ಲೋಬಿನ್ನಿನಿಂದ ಪಡೆಯುತ್ತದೆ. ಅಂದರೆ ನೀವು ಉಗುಳುವ ರಕ್ತ ರೋಗದ ಲಕ್ಷಣ ಮಾತ್ರವಲ್ಲ, ಅದರ ಆಹಾರವೂ ಹೌದು. ಒಸಡು ಬಾತಷ್ಟೂ ಅಲ್ಲಿಂದ ಪ್ರೋಟೀನುಳ್ಳ ದ್ರವ ಹೆಚ್ಚು ಒಸರುತ್ತದೆ, ಪ್ರೋಟೀನು ತಿಂದು ಬದುಕುವ ಈ ಗುಂಪು ಇನ್ನಷ್ಟು ಬೆಳೆಯುತ್ತದೆ, ಒಸಡು ಮತ್ತೆ ಬಾಯುತ್ತದೆ.

ಹಾಗಿದ್ದರೆ ಜಿಂಜಿವ್ಯಾಲಿಸ್ಸೇ ಮುಖ್ಯ ಅಪರಾಧಿಯಲ್ಲವೇ ಎಂದು ನೀವು ಕೇಳಬಹುದು. 2011ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗವೊಂದು ಇದಕ್ಕೆ ಚೆನ್ನಾಗಿ ಉತ್ತರಿಸಿದೆ. ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಸಾಕಿದ ಇಲಿಗಳ ಬಾಯಿಗೆ ಇದೊಂದನ್ನೇ ಸೇರಿಸಿದಾಗ ಹಲ್ಲಿನ ಸುತ್ತಲ ಮೂಳೆ ಸವೆಯಲಿಲ್ಲ. ಬಾಯಿಯಲ್ಲಿ ಎಂದಿನ ಬ್ಯಾಕ್ಟೀರಿಯಾಗಳಿದ್ದ ಇಲಿಗಳಲ್ಲಾದರೋ ಇದು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಉಳಿದವುಗಳ ಸಂಖ್ಯೆ ಮತ್ತು ಸ್ವರೂಪ ಬದಲಾಗಿ ಮೂಳೆ ಸವೆಯಿತು. ಇದರ ಕಿಣ್ವಗಳು ನಮ್ಮ ರಕ್ಷಣಾ ವ್ಯವಸ್ಥೆಯನ್ನು ದಾರಿ ತಪ್ಪಿಸುತ್ತವೆ. ಬಿಳಿ ರಕ್ತಕಣಗಳ ಕೊಲ್ಲುವ ಶಕ್ತಿ ಕುಂದುತ್ತದೆ, ಉರಿಯೂತ ಮಾತ್ರ ಮುಂದುವರಿಯುತ್ತದೆ, ಮೂಳೆಯನ್ನು ಕರಗಿಸುವುದು ಬಹುಪಾಲು ಆ ಉರಿಯೂತವೇ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಮತ್ತು ಬೀಡಿ, ಸಿಗರೇಟು ಸೇದುವವರಲ್ಲಿ ಇದು ಬೇಗ ಬಲಿಯುತ್ತದೆ. ಸೇದುವವರ ಒಸಡಿನಿಂದ ರಕ್ತ ಕಡಿಮೆ ಬರುವುದರಿಂದ ರೋಗ ಬಚ್ಚಿಟ್ಟುಕೊಳ್ಳುವುದೂ ಉಂಟು.

ಇನ್ನು ಮಾತ್ರೆಯ ವಿಷಯ. ಅಂಟು ಪದರದೊಳಗೆ ಒತ್ತಾಗಿ ಕುಳಿತ ಬ್ಯಾಕ್ಟೀರಿಯಾಗಳು ಬಿಡಿಬಿಡಿಯಾಗಿ ತೇಲುವವುಗಳಿಗಿಂತ ಔಷಧಿಯನ್ನು ಬಹಳ ಹೆಚ್ಚು ತಡೆದುಕೊಳ್ಳುತ್ತವೆ. ಮಾತ್ರೆಯಿಂದ ಕೆಲ ದಿನ ರಕ್ತ ನಿಂತರೂ ಪದರ ಹಾಗೆಯೇ ಇರುತ್ತದೆ, ಗಟ್ಟಿಯಾಗಿ ಕೂತ ಕಿಟ್ಟವೂ ಕರಗುವುದಿಲ್ಲ. ಆದ್ದರಿಂದ ಮೊದಲು ಅದನ್ನು ಉಪಕರಣದಿಂದ ಕೆರೆದು ತೆಗೆಯಲೇಬೇಕು. ಕೆಲವರಿಗೆ ಮಾತ್ರ ಅದರ ಜೊತೆಗೆ ಮೆಟ್ರೊನಿಡಜೋಲ್, ಅಮಾಕ್ಸಿಸಿಲಿನ್‌ನಂಥ ಮಾತ್ರೆ ಕೊಡುತ್ತಾರೆ, ಅದನ್ನು ನಿರ್ಧರಿಸಬೇಕಾದವರು ಡಾಕ್ಟರೇ ಹೊರತು ಔಷಧಿ ಅಂಗಡಿಯವರಲ್ಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂಬ ಮಾತು ನಮ್ಮ ಕಡೆ ಬಹಳವಿದೆ. ಮೂಳೆ ಮೊದಲೇ ಸವೆದಿರುತ್ತದೆ, ಸಂದಿಯಲ್ಲಿ ತುಂಬಿದ್ದ ಕಿಟ್ಟ ಹೋದಾಗ ಅದು ಅರಿವಿಗೆ ಬರುತ್ತದೆ, ಅಷ್ಟೇ. ನಿಮ್ಮ ಡಾಕ್ಟರು ಒಸಡಿನ ಸಂದಿನ ಆಳವನ್ನು ಮಿಲಿಮೀಟರುಗಳಲ್ಲಿ ಅಳೆದು ಬರೆದಿರುತ್ತಾರೆ. ಸಾಮಾನ್ಯವಾಗಿ 3 ಮಿಲಿಮೀಟರಿನವರೆಗೆ ಚಿಂತೆಯಿಲ್ಲ. ಆ ಚೀಟಿಯನ್ನು ಇಟ್ಟುಕೊಂಡಿರಿ, ಕ್ಲೀನಿಂಗ್ ಆದ ಎರಡು ಮೂರು ತಿಂಗಳಿಗೆ ಮತ್ತೆ ಅಳೆಸಿ ಹೋಲಿಸಿ ನೋಡಿ.