ಸುಳ್ಳು ಹೇಳಿದ ಮೊಮ್ಮಗನೂ ಕಾರ್ಲ್ ರೋಜರ್ಸ್ ಅವರೂ

(ದಾವಣಗೆರೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರದ ಸಾರ: ಮೊಮ್ಮಗನ ಶಾಲೆಯವರು ನಡೆಸಿದ ಪೋಷಕರ ಶಿಬಿರದಲ್ಲಿ ಮಾನವತಾವಾದಿ ಮನೋವಿಜ್ಞಾನದ (ಪ್ರತಿ ಮನುಷ್ಯನೊಳಗೂ ಬೆಳೆಯುವ ಶಕ್ತಿಯಿದೆ ಎಂದು ನಂಬುವ ಪಂಥ) ಹೆಸರು ಹೇಳಿ, ಮಗುವನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಿ ಎಂದರು. ಮೊಮ್ಮಗ ಸುಳ್ಳು ಹೇಳಿದರೂ ತಲೆ ಸವರಬೇಕೆ? ಬೆತ್ತದ ಕಾಲದಲ್ಲಿ ಸುಳ್ಳು ಕಡಿಮೆಯಿತ್ತು. ಹೊಟ್ಟೆ ತುಂಬಿದವನಿಗೆ ಮಾತ್ರ ಉನ್ನತ ಗುರಿ ಎನ್ನುವ ಪಿರಮಿಡ್ಡನ್ನೂ ತೋರಿಸಿದರು. ಹಾಗಾದರೆ ಆಯ್ದಕ್ಕಿ ಲಕ್ಕಮ್ಮ ಯಾವ ಮೆಟ್ಟಿಲಲ್ಲಿದ್ದಳು?)

ಮಾನ್ಯ ಮೇಷ್ಟರೇ,

ತಲೆ ಸವರಬೇಕಾಗಿಲ್ಲ. ಶಿಬಿರದವರು ಅರ್ಧ ಪಾಠ ಹೇಳಿ ಚಹಾಕ್ಕೆ ಎದ್ದಂತಿದೆ.

ಈ ‘ಷರತ್ತಿಲ್ಲದ ಒಪ್ಪಿಗೆ’ಯನ್ನು ಮುಂದಿಟ್ಟವರು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್. ಅವರು ಕೆಲಸ ಕಲಿತದ್ದು ರಾಚೆಸ್ಟರ್ ನಗರದಲ್ಲಿ, ತಂಟೆಕೋರ ಮಕ್ಕಳ ನಡುವೆ. ಅಲ್ಲಿನ ಒಂದು ಪ್ರಸಂಗವನ್ನು ಅವರೇ ಬರೆದಿದ್ದಾರೆ. ಒಬ್ಬ ಹುಡುಗನ ತಾಯಿಗೆ, ನೀವು ಮಗುವನ್ನು ಚಿಕ್ಕಂದಿನಲ್ಲೇ ದೂರ ಮಾಡಿದ್ದೇ ಎಲ್ಲಕ್ಕೂ ಮೂಲ ಎಂದು ಮನಗಾಣಿಸಲು ಬಹಳ ಹೆಣಗಿದರು. ಆಕೆಗೆ ಅದು ನಾಟಲೇ ಇಲ್ಲ. ಕೊನೆಗೆ ಇಬ್ಬರೂ ಸೋಲೊಪ್ಪಿ ಕೈಕುಲುಕಿದರು. ಬಾಗಿಲವರೆಗೆ ಹೋದ ಆಕೆ ತಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುತ್ತೀರಾ ಎಂದು ಕೇಳಿದಳು. ಹೌದೆಂದಾಗ ಮರಳಿ ಬಂದು ಕುಳಿತು, ಹದಗೆಟ್ಟ ದಾಂಪತ್ಯದ ಗೋಳನ್ನೆಲ್ಲ ತೋಡಿಕೊಂಡಳು. ಮುಂದೆ ಮಗನೂ ಸುಧಾರಿಸಿದ. ನೋವು ಎಲ್ಲಿದೆ ಎಂಬುದು ನೊಂದವರಿಗೇ ಗೊತ್ತು, ಕೇಳುವವನು ಅವರ ಹಿಂದೆ ನಡೆಯಬೇಕು ಎಂಬ ಅವರ ವಿಧಾನಕ್ಕೆ ಇಂಥ ಅನುಭವಗಳೇ ತಳಹದಿ.

1957ರ ಲೇಖನದಲ್ಲಿ ಅವರು ಚಿಕಿತ್ಸಕನಿಗೆ ಹಾಕಿದ ಕಟ್ಟಳೆಗಳಲ್ಲಿ ಮೂರು ಮುಖ್ಯ. ಒಪ್ಪಿಗೆ ಅವುಗಳಲ್ಲೊಂದು ಮಾತ್ರ. ಎದುರಿನವರ ಒಳಗನ್ನು ಅವರ ಕಣ್ಣಿನಿಂದ ನೋಡುವುದು ಇನ್ನೊಂದು. ಶಿಬಿರದಲ್ಲಿ ಬಿಟ್ಟುಹೋದದ್ದು ಮೂರನೆಯದು: ಒಳಗೊಂದು ಹೊರಗೊಂದು ಇರಬಾರದು. ಸಿಟ್ಟು ಉಕ್ಕುತ್ತಿರುವಾಗ ನಗುಮುಖ ಹೊತ್ತು ಕೂರುವ ಅಜ್ಜ ಈ ಕಟ್ಟಳೆಯನ್ನೇ ಮುರಿಯುತ್ತಾನೆ. ‘ನೀನು ಹೇಳಿದ್ದು ಸುಳ್ಳು, ನನಗೆ ಬೇಸರವಾಗಿದೆ’ ಎನ್ನಿ, ರೋಜರ್ಸ್ ಅವರದೇನೂ ಅಡ್ಡಿಯಿಲ್ಲ. ‘ಇಂಥವನು ನಮ್ಮ ಮನೆಯಲ್ಲಿ ಹುಟ್ಟಬಾರದಿತ್ತು’ ಎಂದರೆ ಮಾತ್ರ ಕೆಟ್ಟಿತು. ಅಂಕ ಬಂದರೆ ಮಗ, ಬಾರದಿದ್ದರೆ ಯಾರೋ ಎಂಬ ಷರತ್ತಿನಲ್ಲಿ ಬೆಳೆದ ಮಗು ತನ್ನ ನಿಜವಾದ ಅನಿಸಿಕೆಯನ್ನು ಮುಚ್ಚಿಡಲು ಕಲಿಯುತ್ತದೆ ಎಂಬುದು ಅವರ ಮುಖ್ಯ ಕಾಳಜಿ. ಬೆತ್ತದ ಕಾಲದಲ್ಲಿ ಸುಳ್ಳು ಕಡಿಮೆಯಿತ್ತು ಎಂಬ ನಿಮ್ಮ ವಾದವನ್ನು ನಾನಂತೂ ಒಪ್ಪಲಾರೆ. ಪೆಟ್ಟಿಗೆ ಹೆದರಿದವನ ಸುಳ್ಳು ಇನ್ನಷ್ಟು ನುಣುಪಾಗಿರುತ್ತಿತ್ತು, ಅಷ್ಟೇ.

ಇನ್ನು ಪಿರಮಿಡ್. ಹಸಿವಿನಿಂದ ಹಿಡಿದು ತನ್ನೊಳಗಿನ ಶಕ್ತಿ ಅರಳುವವರೆಗಿನ ಮನುಷ್ಯನ ಅಗತ್ಯಗಳ ಶ್ರೇಣಿಯನ್ನು ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಅಬ್ರಹಾಂ ಮಾಸ್ಲೋ ವಿವರಿಸಿದ 1943ರ ಲೇಖನದಲ್ಲಿ ಆ ಚಿತ್ರವೇ ಇಲ್ಲ. ಅದು ಆಮೇಲೆ ಆಡಳಿತ ನಿರ್ವಹಣೆಯ ಪಾಠ ಹೇಳುವವರ ಮೂಲಕ ಹರಡಿತು. ಒಂದು ಮೆಟ್ಟಿಲು ಪೂರ್ತಿ ತುಂಬಿದ ಮೇಲೆಯೇ ಮುಂದಿನದು ಎಂದೂ ಮಾಸ್ಲೋ ಹೇಳಲಿಲ್ಲ. ಸಾಮಾನ್ಯ ಮನುಷ್ಯನ ದೇಹದ ಅಗತ್ಯಗಳು ಶೇ 85ರಷ್ಟು, ಪ್ರೀತಿಯದು ಶೇ 50ರಷ್ಟು, ತನ್ನೊಳಗಿನ ಶಕ್ತಿ ಅರಳುವುದು ಶೇ 10ರಷ್ಟು ಪೂರೈಸಿರಬಹುದು ಎಂದು ಅಂದಾಜಿಗೆ ಅಂಕಿ ಕೊಟ್ಟರು. ಅವು ಉದಾಹರಣೆಗಷ್ಟೇ ಎಂದೂ ಸೇರಿಸಿದರು. ಆದರ್ಶಕ್ಕಾಗಿ ಸರ್ವಸ್ವವನ್ನೂ ತೊರೆಯುವವರು ಈ ಶ್ರೇಣಿಗೆ ಅಪವಾದ ಎಂದು ಅದೇ ಲೇಖನದಲ್ಲಿದೆ. ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಮರಳಿಸಿ ಬನ್ನಿ ಎಂದ ಲಕ್ಕಮ್ಮನಿಗೆ ಅಲ್ಲಿ ಜಾಗವಿದೆ.

ನಿಮ್ಮ ಅನುಮಾನಕ್ಕೆ ನಿಜವಾದ ಆಧಾರ ಸಿಗುವುದು ಬೇರೆಡೆ. ಪೂರ್ಣವಾಗಿ ಅರಳಿದ ವ್ಯಕ್ತಿಗಳೆಂದು ಮಾಸ್ಲೋ ಲಿಂಕನ್, ಐನ್‌ಸ್ಟೈನ್, ಎಲಿನಾರ್ ರೂಸ್‌ವೆಲ್ಟ್ ಮುಂತಾದವರನ್ನು ಆರಿಸಿಕೊಂಡು ಅವರ ಗುಣಗಳನ್ನು ಪಟ್ಟಿ ಮಾಡಿದರು. ಆರಿಸಿದವರೂ ಅವರೇ, ಅಳೆದವರೂ ಅವರೇ. ಅದನ್ನು ವಿಜ್ಞಾನವೆಂದು ಒಪ್ಪಲು ನನಗೂ ಕಷ್ಟ.

— ಸಂಪಾದಕ